ಮಾತು ಮೂರ್ತಿಯಾಗುವ ಬಗೆ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದವರ ಕಿವಿಗೆ ಮೊದಲು ಬೀಳುವುದು ಉಳಿ ಸುತ್ತಿಗೆಗಳ ಸದ್ದು. ತಲೆತಲಾಂತರದಿಂದ ದೇವರ ವಿಗ್ರಹಗಳನ್ನು ಕಡೆಯುತ್ತ ಬಂದಿರುವ ಶಿಲ್ಪಿಗಳ ಊರು ಅದು. ಅಲ್ಲಿ ಕಣ್ಣಿಗೆ ಬೀಳುವ ಕಲ್ಲುಗಳಲ್ಲಿ ಕೆಲವು ಇನ್ನೂ ಬಂಡೆ, ಕೆಲವು ಅರ್ಧ ದೇವರು. ಯಾರಾದರೂ ಅಲ್ಲಿಗೆ ಬಂದು, “ನಮ್ಮೂರ ಗುಡಿಗೆ ಒಂದು ಗಣಪತಿ ಬೇಕು” ಎಂದರೆ ಶಿಲ್ಪಿಯಾದವನು ಆ ಒಂದು ಮಾತನ್ನೇ ನಂಬಿ ಉಳಿಯನ್ನು ಕೈಗೆ ತೆಗೆದುಕೊಳ್ಳಲಾರ. ಕುಳಿತ ಗಣಪತಿಯೋ, ನಿಂತ ಗಣಪತಿಯೋ? ಎಷ್ಟು ಅಡಿ ಎತ್ತರ? ಕೈಗಳು ಎಷ್ಟು? ಸೊಂಡಿಲು ಯಾವ ಕಡೆಗೆ ತಿರುಗಿರಬೇಕು? ಇಷ್ಟಕ್ಕೆಲ್ಲ ಉತ್ತರ ದೊರೆತ ಮೇಲೆಯೇ ಕಲ್ಲಿಗೆ ಮೊದಲ ಗೆರೆ ಬೀಳತಕ್ಕದ್ದು.

ಇದಕ್ಕೆ ಶಾಸ್ತ್ರದ ಆಧಾರವೂ ಉಂಟು. ಪ್ರತಿಯೊಂದು ದೇವತೆಗೂ ಧ್ಯಾನಶ್ಲೋಕವಿದೆ. ಆ ಶ್ಲೋಕ ದೇವರನ್ನು ಹೊಗಳಿ ಸುಮ್ಮನಾಗುವುದಿಲ್ಲ. ರೂಪವನ್ನು ಕಣ್ಣ ಮುಂದೆ ನಿಲ್ಲಿಸುತ್ತದೆ. ಬಣ್ಣವಾವುದು, ಆಸನವಾವುದು, ಒಂದು ಕೈಯಲ್ಲಿ ಪಾಶ, ಇನ್ನೊಂದರಲ್ಲಿ ಅಂಕುಶ, ಮತ್ತೊಂದರಲ್ಲಿ ಮುರಿದ ದಂತ, ಮಗುದೊಂದರಲ್ಲಿ ಮೋದಕ ಎಂದು ಒಂದೊಂದನ್ನೂ ಎಣಿಸಿ ಹೇಳುತ್ತದೆ. ಮಾತಿನಿಂದ ಮೂರ್ತಿಯನ್ನು ಮಾಡಿಸುವ ವಿದ್ಯೆ ಈ ನಾಡಿಗೆ ಹೊಸದಲ್ಲವೆಂದು ಹೇಳಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ವಿದ್ಯೆಯ ನೆನಪು ಈಗ ಮತ್ತೆ ಅಗತ್ಯವಾಗಿದೆ. ಕಳೆದ ಕೆಲವು ವರ್ಷಗಳಿಂದ ಇನ್ನೊಬ್ಬ ಚಿತ್ರಕಾರ ಮನೆಮನೆಯ ಮೊಬೈಲು ಫೋನಿನೊಳಗೆ ಬಂದು ಕುಳಿತಿದ್ದಾನೆ. ಕೃತಕ ಬುದ್ಧಿಮತ್ತೆಯ ಚಿತ್ರಯಂತ್ರವೇ ಆತ. ಬೇಕಾದ ಚಿತ್ರವನ್ನು ಮಾತಿನಲ್ಲಿ ಬರೆದುಕೊಟ್ಟರೆ ಅರೆನಿಮಿಷದಲ್ಲಿ ಬರೆದು ತೋರಿಸುತ್ತಾನೆ. ಹೀಗೆ ಬರೆದುಕೊಡುವ ಮಾತಿಗೆ ಪ್ರಾಂಪ್ಟ್ ಎಂದು ಹೆಸರು; ಸೂಚನೆ ಎಂದರೂ ಸಲ್ಲುತ್ತದೆ. ಶಿವಾರಪಟ್ಟಣದ ಶಿಲ್ಪಿಗೂ ಈ ಯಂತ್ರಕ್ಕೂ ಇರುವ ದೊಡ್ಡ ಅಂತರ ಒಂದೇ. ಶಿಲ್ಪಿ ಮರುಪ್ರಶ್ನೆ ಕೇಳುತ್ತಾನೆ. ಯಂತ್ರ ಸಾಮಾನ್ಯವಾಗಿ ಕೇಳುವುದಿಲ್ಲ. ಹೇಳದೆ ಬಿಟ್ಟದ್ದನ್ನೆಲ್ಲ ತನಗೆ ತೋಚಿದಂತೆ ತುಂಬಿಬಿಡುತ್ತದೆ. ಆದಕಾರಣ ಶಿಲ್ಪಿ ಕೇಳಬೇಕಾದ ಪ್ರಶ್ನೆಗಳನ್ನು ಸೂಚನೆ ಬರೆಯುವವರು ತಾವೇ ಕೇಳಿಕೊಂಡು, ತಾವೇ ಉತ್ತರಿಸಬೇಕಾಗುತ್ತದೆ.

ಯಂತ್ರ ಕಲಿತ ಪಾಠ

ಇಂತಹ ಯಂತ್ರಗಳಲ್ಲಿ ಹೆಸರು ಮಾಡಿದ ‘ಡಾಲ್-ಈ’ 2021ರ ಜನವರಿಯಲ್ಲಿ ಪ್ರಕಟವಾಯಿತು. 2022ರಲ್ಲಿ ‘ಮಿಡ್‌ಜರ್ನಿ’, ‘ಸ್ಟೇಬಲ್ ಡಿಫ್ಯೂಷನ್’ ಎಂಬವು ಸಾರ್ವಜನಿಕರ ಕೈಗೆ ಬಂದವು. ಅವು ಕಲಿತ ರೀತಿ ಕುತೂಹಲಕರವಾದುದು. ಅಂತರಜಾಲದಲ್ಲಿ ಹರಡಿಕೊಂಡಿರುವ ಚಿತ್ರಗಳನ್ನೂ, ಒಂದೊಂದರ ಜೊತೆಗಿರುವ ವಿವರಣೆಯ ಸಾಲನ್ನೂ ಒಟ್ಟುಗೂಡಿಸಿ ಅವಕ್ಕೆ ತೋರಿಸಲಾಯಿತು. 2022ರಲ್ಲಿ ಹೊರಬಂದ ‘ಲಯಾನ್’ ಎಂಬ ಇಂತಹ ಒಂದು ಸಂಗ್ರಹದಲ್ಲಿ 585 ಕೋಟಿ ಚಿತ್ರ-ವಾಕ್ಯ ಜೋಡಿಗಳಿದ್ದವು. ಅವುಗಳ ಪೈಕಿ 230 ಕೋಟಿಗೂ ಮೀರಿದವು ಇಂಗ್ಲಿಷ್ ಒಂದರವೇ; ಉಳಿದವುಗಳಲ್ಲಿ ಹೆಚ್ಚಿನವನ್ನು ನೂರಕ್ಕೂ ಹೆಚ್ಚು ಭಾಷೆಗಳು ಹಂಚಿಕೊಂಡಿದ್ದವು.

ಇಂತಹ ಹಲವು ಯಂತ್ರಗಳಿಗೆ ಕಲಿಸುವಾಗ ಒಂದು ಚಿತ್ರದ ಮೇಲೆ ಸ್ವಲ್ಪ ಸ್ವಲ್ಪವಾಗಿ ಚುಕ್ಕೆಗಳ ಧೂಳನ್ನು ಎರಚುತ್ತಾರೆ. ಕೊನೆಗೆ ಚಿತ್ರವೇ ಕಾಣದೆ ಧೂಳು ಮಾತ್ರ ಉಳಿಯುತ್ತದೆ. ಆ ಧೂಳನ್ನು ಹಂತಹಂತವಾಗಿ ಒರಸುವುದು ಹೇಗೆಂದು ಯಂತ್ರ ಕಲಿಯುತ್ತದೆ. ಹೊಸ ಚಿತ್ರ ಬೇಕೆಂದಾಗ ಅದು ಬರಿಯ ಧೂಳಿನಿಂದಲೇ ಹೊರಟು, ಕೊಟ್ಟ ಮಾತು ತೋರಿದ ದಾರಿಯಲ್ಲಿ ಒರಸುತ್ತ ಹೋಗುತ್ತದೆ. ಮೋಡವನ್ನು ನೋಡುತ್ತಿರುವ ಮಗುವಿಗೆ “ಅಗೋ ಆನೆ” ಎಂದೊಡನೆ ಅಲ್ಲಿ ಆನೆ ಕಾಣತೊಡಗುವುದಿಲ್ಲವೆ? ಹಾಗೆಯೇ ಇದು. ಒಂದೇ ಸೂಚನೆಗೆ ಪ್ರತಿ ಸಲವೂ ಬೇರೆ ಬೇರೆ ಚಿತ್ರ ಬರುವುದಕ್ಕೆ ಕಾರಣವೂ ಇಲ್ಲಿಯೇ ಇದೆ: ಮೊದಲು ಎರಚಿಕೊಂಡ ಧೂಳು ಪ್ರತಿ ಸಲವೂ ಬೇರೆ. ಕೆಲವು ಯಂತ್ರಗಳಲ್ಲಿ ಆ ಧೂಳಿಗೆ ‘ಸೀಡ್’ ಎಂಬ ಒಂದು ಸಂಖ್ಯೆ ಇರುತ್ತದೆ. ಅದನ್ನು ಗುರುತು ಹಾಕಿಕೊಂಡರೆ ಮತ್ತೆ ಅದೇ ಧೂಳಿನಿಂದ ಆರಂಭಿಸಬಹುದು.

ಇದರಿಂದ ತಿಳಿಯುವುದೇನು? ಯಂತ್ರ ಲೋಕವನ್ನು ನೋಡಿಲ್ಲ. ಲೋಕದ ಚಿತ್ರಗಳನ್ನೂ, ಅವುಗಳ ಕೆಳಗಿನ ಬರಹವನ್ನೂ ನೋಡಿದೆ. ಯಾವುದನ್ನು ಹೆಚ್ಚು ಸಲ ನೋಡಿದೆಯೋ ಅದನ್ನೇ ಎಲ್ಲ ಕಡೆಯೂ ಕಾಣುತ್ತದೆ. ನ್ಯೂಯಾರ್ಕಿನ ಬೀದಿ ಅದಕ್ಕೆ ಬಾಯಿಪಾಠ. ಶ್ರೀನಿವಾಸಪುರದ ಬೀದಿ ಹೆಚ್ಚುಕಡಿಮೆ ಅಪರಿಚಿತ.

ಅಜ್ಜಿಯ ಮನೆ

ಕೋಲಾರದ ಒಂದು ಮನೆಯನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ, ಎಪ್ಪತ್ತೈದು ದಾಟಿದ ಅವಳ ಅಜ್ಜಿ. ಅಜ್ಜಿಯ ತೌರು ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ. ಆಕೆ ಹುಟ್ಟಿ ಬೆಳೆದ ಮನೆ ಈಗಿಲ್ಲ. ಪಾಲಾಯಿತು, ಬಿತ್ತು, ಆ ಜಾಗದಲ್ಲಿ ತಾರಸಿಯ ಕಟ್ಟಡ ಎದ್ದಿತು. ಹಳೆಯ ಮನೆಯ ಒಂದು ಫೋಟೋ ಕೂಡ ಯಾರಲ್ಲಿಯೂ ಉಳಿದಿಲ್ಲ. ಅಜ್ಜಿಯ ಕಣ್ಣೊಳಗೆ ಮಾತ್ರ ಆ ಮನೆ ಇದೆ. ಅಜ್ಜಿಯ ಹುಟ್ಟುಹಬ್ಬಕ್ಕೆ ಅದರ ಚಿತ್ರವನ್ನು ಮಾಡಿಸಿ ಕೊಡಬೇಕೆಂದು ಮೊಮ್ಮಗಳ ಆಸೆ.

ಅವಳ ಮೊದಲ ಸೂಚನೆ ಹೀಗಿರುತ್ತದೆ: “ಹಳ್ಳಿಯಲ್ಲಿ ಒಂದು ಸುಂದರವಾದ ಹಳೆಯ ಮನೆ.” ಯಂತ್ರ ಕೊಡುವುದು ಒಂದು ಹುಲ್ಲುಮಾಡಿನ ಗುಡಿಸಲು, ಸುತ್ತಲೂ ತೆಂಗಿನಮರ, ಮುಂದೆ ತುಂಬಿ ಹರಿಯುವ ಹೊಳೆ, ಹೊಳೆಯಾಚೆ ಬಂಗಾರದ ಸೂರ್ಯಾಸ್ತ. ಕ್ಯಾಲೆಂಡರಿಗೆ ಒಪ್ಪುವ ಚಿತ್ರ, ಸಂದೇಹವಿಲ್ಲ. ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಗೆ ಆ ಹೊಳೆ ಎಲ್ಲಿಂದ ಬಂತು? ಕೆರೆಯ ನೀರನ್ನೂ ಬಾವಿಯ ನೀರನ್ನೂ ನೆಚ್ಚಿ ಬದುಕಿದ ಅಜ್ಜಿ ಆ ಚಿತ್ರವನ್ನು ನೋಡಿದರೆ, “ಯಾರ ಮನೆಯೇ ಇದು?” ಎಂದು ಕೇಳುವುದು ಸಹಜ.

ತಪ್ಪು ಯಂತ್ರದ್ದಲ್ಲ. ‘ಸುಂದರ’ ಎಂಬ ಮಾತಿನಲ್ಲಿ ಕಣ್ಣಿಗೆ ಕಾಣುವುದು ಒಂದೂ ಇಲ್ಲ. ಅದ್ಭುತ, ಮನೋಹರ, ಅತ್ಯುತ್ತಮ ಎಂಬವೂ ಅದೇ ಜಾತಿಯವು. ಹೇಳುವವರ ಮೆಚ್ಚುಗೆಯನ್ನು ಅವು ತಿಳಿಸುತ್ತವೆಯೇ ಹೊರತು ವಸ್ತುವನ್ನು ತಿಳಿಸುವುದಿಲ್ಲ. ಆದ್ದರಿಂದ ಸೂಚನೆ ಬರೆಯುವ ವಿದ್ಯೆಯ ಮೊದಲ ನಿಯಮ: ಹೊಗಳಬಾರದು, ತೋರಿಸಬೇಕು.

ಮೊಮ್ಮಗಳು ಈಗ ಯಂತ್ರವನ್ನು ಬಿಟ್ಟು ಅಜ್ಜಿಯ ಬಳಿ ಕೂರುತ್ತಾಳೆ. “ಅಜ್ಜಿ, ಮಾಡು ಯಾವುದರದು? ಹುಲ್ಲೋ, ಹೆಂಚೋ?”

“ಹೆಂಚು ಕಣೇ. ಮುಂದುಗಡೆ ಮಾಲೂರು ಹೆಂಚು. ನಮ್ಮಪ್ಪ ಗಾಡಿ ಕಟ್ಟಿಸಿ ತರಿಸಿದ್ದು. ಹಿಂದೆ ಅಡಿಗೆಮನೆಗೆ ಮಾತ್ರ ಹಳೆಯ ನಾಡಹೆಂಚೇ ಇತ್ತು, ಹೊಗೆ ಹಿಡಿದು ಕರ್ರಗೆ.”

ಇದು ಬಹು ಬೆಲೆಬಾಳುವ ಉತ್ತರ. ಹೆಂಚಿಗೂ ಇಟ್ಟಿಗೆಗೂ ಮಾಲೂರು ಹೆಸರಾದ ಊರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಚಪ್ಪಟೆಯ ಹೆಂಚು ಬೇರೆ, ಸೀಳಿದ ಕೊಳವೆಯಂತಿರುವ ಕುಂಬಾರನ ನಾಡಹೆಂಚು ಬೇರೆ. ಆದರೆ “ಮಾಲೂರು ಹೆಂಚು” ಎಂದು ಬರೆದರೆ ಯಂತ್ರಕ್ಕೆ ತಿಳಿಯುವ ಭರವಸೆಯಿಲ್ಲ. “ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆಯ ಕೆಂಪು ಮಣ್ಣಿನ ಹೆಂಚು” ಎಂದು ಬರೆದರೆ ತಿಳಿಯುತ್ತದೆ. ಎರಡನೆಯ ನಿಯಮ ಇದು: ಹೆಸರು ಕೈಕೊಟ್ಟಾಗ ರೂಪವನ್ನು ಹೇಳಬೇಕು.

ಐದು ಪ್ರಶ್ನೆಗಳು

ಅಜ್ಜಿಯ ಉತ್ತರಗಳನ್ನು ಜೋಡಿಸಿಕೊಳ್ಳುವುದಕ್ಕೆ ಐದು ಪ್ರಶ್ನೆಗಳ ಒಂದು ಚೌಕಟ್ಟು ಸಾಕು. ಚಿತ್ರದಲ್ಲಿ ಮುಖ್ಯವಾದುದು ಯಾವುದು, ಅದು ಏನು ಮಾಡುತ್ತಿದೆ? ಅದರ ಸುತ್ತ ಏನೇನಿದೆ, ಯಾವುದು ಎಲ್ಲಿದೆ? ಯಾವ ಕಾಲ, ಯಾವ ಹೊತ್ತು, ಬೆಳಕು ಯಾವ ಕಡೆಯಿಂದ? ನೋಡುವವರು ಎಲ್ಲಿ ನಿಂತಿದ್ದಾರೆ? ಕೊನೆಯದಾಗಿ, ಚಿತ್ರ ಯಾವ ಬಗೆಯದು: ಫೋಟೋವೋ, ಜಲವರ್ಣವೋ, ಬರಿಯ ಗೆರೆಯೋ? ಮುಖ್ಯವಾದುದನ್ನು ಮೊದಲಿಗೇ ಹೇಳುವುದು ಮೇಲು. ಸ್ಟೇಬಲ್ ಡಿಫ್ಯೂಷನ್ನಿನ ಮೊದಲ ಆವೃತ್ತಿಗಳು 77 ಪದತುಣುಕುಗಳಷ್ಟನ್ನು ಮಾತ್ರ ಓದಿ, ಮಿಕ್ಕದ್ದನ್ನು ಕೈಬಿಡುತ್ತಿದ್ದವು. ಈಚಿನ ಯಂತ್ರಗಳು ಉದ್ದವಾದ ಸೂಚನೆಯನ್ನೂ ಓದುತ್ತವೆಯಾದರೂ ಮೊದಲು ಹೇಳಿದ ಮಾತಿಗೆ ತೂಕ ಹೆಚ್ಚೆಂಬುದು ಬಳಸುವವರ ಅನುಭವ.

ಈ ಚೌಕಟ್ಟಿನಲ್ಲಿ ಮೊಮ್ಮಗಳು ಬರೆದುಕೊಳ್ಳುವ ಸೂಚನೆ ಸರಿಸುಮಾರು ಹೀಗಿದ್ದೀತು:

“ದಕ್ಷಿಣ ಭಾರತದ ಒಣ ಬಯಲುಸೀಮೆಯ ಒಂದು ಹಳ್ಳಿಮನೆ, 1960ರ ಸುಮಾರಿನದು. ಬಾಗಿಲಿನ ಎರಡು ಪಕ್ಕದಲ್ಲೂ ಕಲ್ಲುಚಪ್ಪಡಿ ಹಾಸಿದ ಜಗುಲಿ. ಎಡಗಡೆಯ ಜಗುಲಿಯ ಮೇಲೆ ಹತ್ತು ವರ್ಷದ ಹುಡುಗಿ ಮೊರದಲ್ಲಿ ರಾಗಿ ಕೇರುತ್ತಿದ್ದಾಳೆ. ಮನೆಗೆ ಒಂದೇ ಅಂತಸ್ತು; ಸುಣ್ಣ ಬಳಿದ ಮಣ್ಣಿನ ಗೋಡೆ, ಗೋಡೆಯ ಬುಡಕ್ಕೆ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟೆ. ಮುಂದಿನ ಮಾಡಿಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆಯ ಕೆಂಪು ಹೆಂಚು. ಹಿಂದಿನ ಅಡಿಗೆಮನೆಗೆ ಸೀಳಿದ ಕೊಳವೆಯಂತಹ, ಹೊಗೆಯಿಂದ ಕಪ್ಪಾದ ಹೆಂಚು. ಮನೆಯ ಬಲಕ್ಕೆ ದೊಡ್ಡ ಮಾವಿನಮರ ಒಂದು. ಹಿನ್ನೆಲೆಯಲ್ಲಿ ಉರುಟು ಬಂಡೆಗಳ ಬೋಳು ಗುಡ್ಡ. ಬೇಸಗೆಯ ಬೆಳಿಗ್ಗೆ, ಬಿಸಿಲು ಎಡಗಡೆಯಿಂದ ಓರೆಯಾಗಿ ಬೀಳುತ್ತಿದೆ. ಬೀದಿಯಾಚೆ ನಿಂತವರ ಕಣ್ಣಿನ ಎತ್ತರದಿಂದ ಕಂಡಂತೆ. ಜಲವರ್ಣ ಚಿತ್ರ.”

ಇಷ್ಟರಲ್ಲಿ ಹೊಗಳಿಕೆಯ ಮಾತು ಒಂದೂ ಇಲ್ಲವೆಂಬುದನ್ನು ಗಮನಿಸಬೇಕು. ಪ್ರತಿಯೊಂದು ಪದವೂ ಒಂದು ವಸ್ತುವನ್ನೋ, ಬಣ್ಣವನ್ನೋ, ದಿಕ್ಕನ್ನೋ ತೋರುತ್ತದೆ. ಈ ಗುಣ ಈ ಸೀಮೆಯ ಬರಹಗಾರರಲ್ಲಿ ಮೊದಲಿನಿಂದಲೂ ಇದ್ದುದೇ. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರನ್ನು ತಮ್ಮ ಹೆಸರಿನಲ್ಲಿಯೇ ಹೊತ್ತ ಕಥೆಗಾರ ವೆಂಕಟೇಶ ಅಯ್ಯಂಗಾರ್ಯರು ಆಡಂಬರವಿಲ್ಲದ ಮಾತಿನಿಂದಲೇ ಮನೆ, ಬೀದಿ, ಮನುಷ್ಯರನ್ನು ಓದುಗರ ಕಣ್ಣಿಗೆ ಕಟ್ಟಿದವರು.

ಬೇಡವೆಂದರೆ ಬರುವ ತೆಂಗಿನಮರ

ಹೀಗೆ ಬರೆದರೂ ಮೊದಲ ಚಿತ್ರದಲ್ಲಿಯೇ ಎಲ್ಲವೂ ಸರಿಹೋಗುವುದೆಂದು ತಿಳಿಯಬಾರದು. ಮತ್ತೆ ತೆಂಗಿನಮರ ಇಣುಕೀತು. ಹುಡುಗಿ ಬೇಸತ್ತು, “ತೆಂಗಿನಮರ ಬೇಡ” ಎಂದು ಸೇರಿಸಿದರೆ ಒಂದಿದ್ದ ಕಡೆ ಮೂರು ಮರ ಬಂದರೂ ಆಶ್ಚರ್ಯವಿಲ್ಲ. ಚಿತ್ರದ ಕೆಳಗೆ ಬರೆಯುವವರು ಸಾಮಾನ್ಯವಾಗಿ ಅದರಲ್ಲಿ ಏನಿದೆಯೆಂದು ಬರೆಯುತ್ತಾರೆ. ಏನಿಲ್ಲವೆಂದು ಯಾರು ಬರೆಯುತ್ತಾರೆ? ಆ ಕಾರಣ ‘ಇಲ್ಲ’, ‘ಬೇಡ’ ಎಂಬವನ್ನು ಹಳೆಯ ಯಂತ್ರಗಳು ಸರಿಯಾಗಿ ಕಲಿಯಲೇ ಇಲ್ಲ. ತೆಂಗೆಂಬ ಹೆಸರು ಕಿವಿಗೆ ಬಿದ್ದುದೇ ತಡ, ಮರವನ್ನು ಎಳೆದು ತರುತ್ತಿದ್ದವು. ಈಚಿನವು ಮೇಲಾಗಿವೆ, ಕೆಲವಕ್ಕೆ ಬೇಡವಾದುದನ್ನು ಬರೆಯಲು ಪ್ರತ್ಯೇಕ ಜಾಗವೇ ಇದೆ. ಆದರೂ ಬೇಡದ್ದನ್ನು ಹೆಸರಿಸುವುದಕ್ಕಿಂತ ಬೇಕಾದುದರಿಂದ ಆ ಸ್ಥಳವನ್ನು ತುಂಬುವುದು ಜಾಣತನ. “ಮನೆಯ ಎಡಕ್ಕೆ ಒಂದು ಹೊಂಗೆಮರ, ಅದರ ಕೆಳಗೆ ಹುಲ್ಲಿನ ಬಣವೆ” ಎಂದರೆ ತೆಂಗಿಗೆ ಅಲ್ಲಿ ಎಡೆಯಿರುವುದಿಲ್ಲ.

ಮಾವಿನಮರದ ವಿಷಯವೂ ಹೀಗೆಯೇ. ಶ್ರೀನಿವಾಸಪುರ ಮಾವಿನ ಸೀಮೆ. ಅಲ್ಲಿಯ ಅಜ್ಜಿ ಮಾವಿನ ವಿಷಯದಲ್ಲಿ ಸುಲಭವಾಗಿ ಒಪ್ಪುವವಳಲ್ಲ. ಯಂತ್ರ ಬಿಟ್ಟ ಕೈಗೆ ಮರದ ಕೊಂಬೆಗಂಟಿಕೊಂಡಂತೆ ಸೇಬಿನಂತಹ ದುಂಡು ಹಣ್ಣುಗಳನ್ನು ಬರೆದುಬಿಡುತ್ತದೆ. “ಎಲೆಗಳ ನಡುವಿನಿಂದ ಉದ್ದನೆಯ ತೊಟ್ಟಿನಲ್ಲಿ ಇಳಿಬಿದ್ದ ಹಸಿರು ಕಾಯಿ, ತುದಿ ಗಿಣಿಯ ಕೊಕ್ಕಿನಂತೆ ಚೂಪು” ಎಂದು ಹೇಳಿದರೆ ತೋತಾಪುರಿಯ ಹತ್ತಿರಕ್ಕಾದರೂ ಬರುತ್ತದೆ.

ಆದರೆ ಯಂತ್ರ ನಿಜವಾಗಿ ಎಡವುವುದು ಅಜ್ಜಿ, “ಮನೆ ಹಿಂದೆ ಕಪಿಲೆ ಬಾವಿ ಇತ್ತಲ್ಲೇ” ಎಂದಾಗ. ಕಪಿಲೆಯೆಂದರೆ ಏನೆಂದು ಮೊಮ್ಮಗಳಿಗೇ ತಿಳಿಯದು, ಯಂತ್ರದ ಪಾಡೇನು? ಅಜ್ಜಿಯೇ ಬಿಡಿಸಿ ಹೇಳಬೇಕು. ಬಾವಿಯ ದಡದಲ್ಲಿ ಎರಡು ಕಂಬ, ನಡುವೆ ಒಂದು ರಾಟೆ. ರಾಟೆಯ ಮೇಲೆ ಹಾದ ದಪ್ಪ ಹಗ್ಗದ ಒಂದು ತುದಿಗೆ ಚರ್ಮದ ದೊಡ್ಡ ಚೀಲ, ಇನ್ನೊಂದು ತುದಿ ಜೋಡಿ ಎತ್ತಿನ ನೊಗಕ್ಕೆ. ಬಾವಿಯಿಂದಾಚೆಗೆ ಇಳಿಜಾರಾದ ಒಂದು ದಾರಿ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ನೀರು ತುಂಬಿದ ಚೀಲ ಮೇಲೇರುತ್ತದೆ. ಹೊಡೆಯುವಾತ ಹಗ್ಗದ ಮೇಲೆಯೇ ಕುಳಿತು ತನ್ನ ಭಾರವನ್ನೂ ಕೂಡಿಸುತ್ತಾನೆ. ನೀರು ಕಾಲುವೆಗೆ ಸುರಿದ ಬಳಿಕ ಎತ್ತುಗಳು ಹಿಂದುಹಿಂದಾಗಿ ನಡೆದು ಬಾವಿಯ ಬಳಿಗೆ ಬರುತ್ತವೆ. ವಿದ್ಯುತ್ ಪಂಪು ಬರುವವರೆಗೆ ಈ ಸೀಮೆಯ ಹೊಲಗದ್ದೆಗಳಿಗೆ ನೀರೆತ್ತಿದ್ದು ಇಂತಹ ಕಪಿಲೆಗಳೇ.

ಈ ವಿವರವನ್ನು ಇದ್ದಂತೆಯೇ ಸೂಚನೆಯಾಗಿ ಕೊಟ್ಟರೆ ಯಂತ್ರ ಎರಡು ಮೂರು ಸಲ ತಪ್ಪಿ, ನಾಲ್ಕನೆಯ ಸಲಕ್ಕೆ ಒಂದು ಬಗೆಯ ಕಪಿಲೆಯನ್ನು ಬರೆದೀತು. ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ತಿದ್ದುವುದು ಲೇಸು. ಹೆಂಚು, ಎತ್ತು, ಬೆಳಕು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವ ಮಾತು ಯಾವ ಕೆಲಸ ಮಾಡಿತೆಂಬುದು ತಿಳಿಯದೆ ಹೋಗುತ್ತದೆ. ಒಂದೊಂದು ಸೂಚನೆಯನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಹಿಂದಕ್ಕೆ ಹೋಗುವ ದಾರಿ ತೆರೆದಿರುತ್ತದೆ.

ಸೂಚನೆಯನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಇಂದಿನ ಕೆಲವು ಯಂತ್ರಗಳಿಗೆ ಕನ್ನಡ ತಿಳಿಯುತ್ತದೆ. ತಿಳಿಯದಿದ್ದಲ್ಲಿ ಇಂಗ್ಲಿಷಿಗೆ ತಿರುಗಿಸಿ ಕೊಡಬಹುದು. ಆಗಲೂ ಮೊದಲು ಕನ್ನಡದಲ್ಲಿ ಬರೆದುಕೊಳ್ಳುವುದೇ ಕ್ಷೇಮ. ಅಜ್ಜಿಯ ಜಗುಲಿ ಇಂಗ್ಲಿಷಿನಲ್ಲಿ ಸುಲಭವಾಗಿ ಬಂಗಲೆಯ ವರಾಂಡವಾಗಿಬಿಡುತ್ತದೆ. ಚಿತ್ರದೊಳಗೆ ಕನ್ನಡದ ಅಕ್ಷರಗಳನ್ನು ಬರೆಯಲು ಮಾತ್ರ ಯಂತ್ರವನ್ನು ನಂಬಬಾರದು. ಒತ್ತಕ್ಷರ, ಗುಣಿತಗಳನ್ನು ಅದು ಕೆಡಿಸುವುದುಂಟು. ಅಕ್ಷರವನ್ನು ಕೊನೆಗೆ ಬೇರೆಯಾಗಿ ಸೇರಿಸುವುದು ಒಳ್ಳೆಯದು.

ಎಲ್ಲಿ ಸಲ್ಲದು

ಚೆನ್ನಾಗಿ ಸೂಚನೆ ಬರೆಯಬಲ್ಲವರು ಎಲ್ಲಿ ಬರೆಯಬಾರದೆಂಬುದನ್ನೂ ಬಲ್ಲವರಾಗಿರಬೇಕು. ಕೋಲಾರದ ಸೋಮೇಶ್ವರ ದೇವಾಲಯ ಕಣ್ಣೆದುರಿಗೇ ನಿಂತಿದೆ. ಅದರ ಕಲ್ಯಾಣಮಂಟಪದ ಕಂಬಗಳ ಕೆತ್ತನೆಯನ್ನು ಹೋಗಿ ನೋಡಬಹುದು, ಫೋಟೋ ತೆಗೆಯಬಹುದು. ಮುಳಬಾಗಿಲಿನ ಹತ್ತಿರದ ಕುರುಡುಮಲೆಯಲ್ಲಿ ಸುಮಾರು 13 ಅಡಿ ಎತ್ತರದ ಏಕಶಿಲೆಯ ಗಣಪತಿ ಕುಳಿತಿದ್ದಾನೆ. ಇವನ್ನು ಯಂತ್ರದಿಂದ ಬರೆಸಿ ಊರಿನ ಪರಿಚಯಪತ್ರಕ್ಕೋ, ಮಕ್ಕಳ ಪಾಠಕ್ಕೋ ಹಾಕಿದರೆ ಇಲ್ಲದ ಕಂಬ, ಇಲ್ಲದ ಗೋಪುರ ಇದ್ದಂತೆ ಪ್ರಚಾರವಾಗುತ್ತದೆ. ಮುಳಬಾಗಿಲಿನ ಹೋಟೆಲಿನವರು ತಮ್ಮ ದೋಸೆಯ ಬದಲು ಯಂತ್ರದ ದೋಸೆಯನ್ನು ಬೋರ್ಡಿಗೆ ಹಾಕಿದರೆ ಗಿರಾಕಿಗೆ ಮೋಸವೇ ಸರಿ. ಹೊರಗೆ ಗರಿಯಾಗಿ ಒಳಗೆ ಮೆತ್ತಗಿರುವ ಆ ದೋಸೆಗೆ ಬೇಕಾದುದು ಕ್ಯಾಮರ, ಕಲ್ಪನೆಯಲ್ಲ. ಇರುವುದಕ್ಕೆ ಫೋಟೋ, ಇಲ್ಲದ್ದಕ್ಕೆ, ಕಳೆದುಹೋದದ್ದಕ್ಕೆ, ಇನ್ನೂ ಆಗಬೇಕಾದದ್ದಕ್ಕೆ ಯಂತ್ರ. ಬದುಕಿರುವ ವ್ಯಕ್ತಿಯ ಮುಖವನ್ನಂತೂ ಅವರ ಒಪ್ಪಿಗೆಯಿಲ್ಲದೆ ಬಳಸತಕ್ಕದ್ದಲ್ಲ.

ಅಜ್ಜಿಯ ಮನೆಯ ಚಿತ್ರಕ್ಕೂ ಈ ಎಚ್ಚರ ಬೇಕು. ಮೊಮ್ಮಗಳ ಮಕ್ಕಳು ಮುಂದೊಂದು ದಿನ ಅದನ್ನು ನೋಡಿ ಮನೆ ಹೀಗೆಯೇ ಇತ್ತೆಂದು ನಂಬಿಬಿಡಬಾರದು. ಚಿತ್ರದ ಕೆಳಗೆ ಒಂದು ಸಾಲು ಇರಬೇಕು: “ಅಜ್ಜಿಯ ಮಾತನ್ನು ಕೇಳಿ ಯಂತ್ರದಿಂದ ಬರೆಸಿದ ಕಲ್ಪನಾಚಿತ್ರ.” ಕೆಳಗೆ ಇಸವಿ.

ಕೊನೆಗೆ ಆ ದಿನ ಬಂದಿತೆಂದು ಇಟ್ಟುಕೊಳ್ಳೋಣ. ಚಿತ್ರಕ್ಕೆ ಕಟ್ಟು ಹಾಕಿಸಿ ಮೊಮ್ಮಗಳು ಅಜ್ಜಿಯ ಕೈಗೆ ಕೊಡುತ್ತಾಳೆ. ಅಜ್ಜಿ ಕನ್ನಡಕವನ್ನು ಸೆರಗಿನಿಂದ ಒರಸಿಕೊಂಡು ಬಹಳ ಹೊತ್ತು ನೋಡುತ್ತಾಳೆ. ಜಗುಲಿಯ ಮೇಲೆ ಬೆರಳಾಡಿಸುತ್ತಾಳೆ.

“ಎಲ್ಲಾ ಬಂದಿದೆ ಕಣೇ. ಬಾಗಿಲು ಮಾತ್ರ ಇಷ್ಟು ದೊಡ್ಡದಿರಲಿಲ್ಲ. ನಮ್ಮಪ್ಪ ತಲೆ ಬಗ್ಗಿಸಿಯೇ ಒಳಗೆ ಬರಬೇಕಿತ್ತು. ಬೆಳಗಿನ ಜಾವ ಕಪಿಲೆ ಕಿರ್ರೆಂದರೆ ನಮಗೆಲ್ಲ ಎಚ್ಚರ. ಅದನ್ನೂ ಬರೆಯುತ್ತದೆಯೇನೆ ನಿನ್ನ ಯಂತ್ರ?”

ಬರೆಯುವುದಿಲ್ಲ. ಬಾಗಿಲನ್ನು ಬೇಕಾದರೆ ಒಂದು ಗೇಣು ತಗ್ಗಿಸೀತು. ತಲೆ ಬಗ್ಗಿಸಿ ಬರುತ್ತಿದ್ದ ತಂದೆ ಅದಕ್ಕೆ ಸಿಕ್ಕುವವನಲ್ಲ. ಆದರೆ ಇಷ್ಟು ದಿನದ ಪ್ರಶ್ನೋತ್ತರಗಳಿಂದ ಮೊಮ್ಮಗಳ ಪುಸ್ತಕ ನಲವತ್ತು ಪುಟ ತುಂಬಿದೆ. ಹೆಂಚಿನ ಜಾತಿ, ಜಗುಲಿಯ ಅಳತೆ, ಕಪಿಲೆಯ ವಿವರ, ಎತ್ತುಗಳ ಹೆಸರು ಎಲ್ಲವೂ ಅದರಲ್ಲಿವೆ. ಯಂತ್ರ ಕೇಳದಿದ್ದ ಪ್ರಶ್ನೆಗಳನ್ನು ಅವಳು ಕೇಳಿದ್ದರಿಂದ ಬಂದ ಉತ್ತರಗಳು ಅವು. ನಾಳೆ ಇನ್ನೂ ಮೇಲಾದ ಯಂತ್ರ ಬಂದು ಈ ಚಿತ್ರ ಹಳೆಯದಾದರೂ ಆ ಪುಟಗಳು ಹಳೆಯವಾಗುವುದಿಲ್ಲ. ಹುಡುಗಿ ಪುಸ್ತಕವನ್ನು ತೆರೆದು, ಹೊಸ ಪುಟದ ತಲೆಗೆ ಬಾಗಿಲಿನ ಎತ್ತರ ಎಷ್ಟೆಂದು ಅಜ್ಜಿಯನ್ನೇ ಕೇಳಿ ಬರೆದುಕೊಳ್ಳುತ್ತಾಳೆ.